ಮೂರು ನಿಮಿಷ ನುಂಗಿದ ಅಲ್ಪವಿರಾಮ

ಜುಲೈ 14, ಸೋಮವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ಬೆಟಗೇರಿ.

ಪೂರ್ಣವಿರಾಮ ಬಂದಲ್ಲಿ ನೀವು, ನಾನು ಸುಮ್ಮನಾಗುತ್ತೇವೆ. ನಮ್ಮ ಮಾಮಾ ಮಾತ್ರ ಅಲ್ಲಿಯೇ ದನಿ ಏರಿಸುತ್ತಾನೆ!

ಗದುಗಿನ ಛಾಪಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ಅವನು. ಅಲ್ಲಿ ಒಬ್ಬ ಮೂಲ ಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಅಚ್ಚಾದ ಹಾಳೆಯಲ್ಲಿ ಎಲ್ಲವೂ ಇವೆಯೇ ಎಂದು ನೋಡಬೇಕು. ಮಾಮಾ ಓದುವವನು. ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಬಾಯಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಮುಂಡರಗಿಯ ಬೀಗರು ತಂದ ಲಗ್ನಪತ್ರಿಕೆಯನ್ನು ಅವರೆದುರೇ ಓದಿದ: "ಬಂಧುಗಳೇ ಅಲ್ಪವಿರಾಮ ತಾವೆಲ್ಲರೂ ಬರಬೇಕು ಉದ್ಗಾರ ಚಿಹ್ನೆ!"

ಬೀಗರು ಚಹಾದ ಕಪ್ಪು ಕೆಳಗಿಟ್ಟರು. "ಇವ್ರಿಗೆ ಆರಾಮಿಲ್ಲೇನ್ರಿ?"

"ಆರಾಮ ಅದಾರ್ರಿ. ನೀವ ಚಿಹ್ನೆ ಕಡಿಮಿ ಹಾಕ್ಸಬೇಕಿತ್ತು" ಎಂದಳು ಮಾಮಾನ ಹೆಂಡತಿ, ನಮ್ಮ ಅತ್ತೆ.

ಈ ಅತ್ತೆಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಆದರೂ ಕೈ ಅಂದಾಜಿನಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಆ ರೊಕ್ಕ ಅವಳ ಹೆಸರಿನ ಖಾತೆಯಲ್ಲಿದೆ. ಅದನ್ನು ತಾನೇ ತೆಗೆಯಲು ಎಟಿಎಂ ಕಾರ್ಡು ಬೇಕೆಂಬುದು ಅವಳ ಹಟ. ಬ್ಯಾಂಕಿನವರು ಒಪ್ಪಬೇಕಲ್ಲ?

"ನಾಳೆ ಯಾರರ ಮೋಸ ಮಾಡಿದ್ರ? ಯಜಮಾನ್ರ ಹೆಸರು ಸೇರಸ್ರಿ, ಅವ್ರ ಕೈಯಾಗ ಕಾರ್ಡ್ ಕೊಡ್ತೀವಿ" ಎಂದರು ಮ್ಯಾನೇಜರ್.

ಮಾಮಾ ಜೇಬಿನಿಂದ ಬ್ಯಾಂಕುಗಳಿಗೆಂದೇ ಮಾಡಿದ ನಿಯಮದ ಹಾಳೆ ತೆಗೆದ. ಕಣ್ಣು ಕಾಣುವುದಿಲ್ಲ ಎಂಬ ಕಾರಣಕ್ಕೆ ಯಾವ ಸೌಲಭ್ಯವನ್ನೂ ನಿರಾಕರಿಸಬಾರದು ಎಂದು ಅದರಲ್ಲಿತ್ತು. ಓದಿದ, ಚಿಹ್ನೆಗಳ ಸಮೇತ! ಸಾಲಿನಲ್ಲಿ ನಿಂತವರೂ "ಅಲ್ಪವಿರಾಮ!" ಎಂದು ದನಿಗೂಡಿಸಿದರು. ನನ್ನ ಡೈರಿಯ ಲೆಕ್ಕ: ಬ್ಯಾಂಕಿಗೆ ಹೋದದ್ದು ಹನ್ನೊಂದು ಸಲ, ನಿಯಮ ಓದಿದ್ದು ಹನ್ನೊಂದು ಸಲ, ಓದುವಾಗಲೇ ಮ್ಯಾನೇಜರ್ ಊಟಕ್ಕೆ ಎದ್ದದ್ದು ಒಂಬತ್ತು ಸಲ, ಕಾರ್ಡು ಸಿಕ್ಕದ್ದು ಸೊನ್ನೆ.

ಮಾರ್ಚಿನಲ್ಲಿ ಸಂಸತ್ತಿನ ಸಮಿತಿಯೊಂದು ಗದುಗಿಗೆ ಬಂದಿತು. ಗ್ರಾಹಕರ ರಕ್ಷಣೆಗೆಂದು ಮಾಡಿದ ಬ್ಯಾಂಕಿನ ನಿಯಮಗಳು ಕೌಂಟರಿನಲ್ಲಿ ನಡೆಯುತ್ತಿವೆಯೇ ಎಂದು ಜನರನ್ನೇ ಕೇಳಲು. ಮಾಮಾನಿಗೆ ಹಬ್ಬ!

"ನಿಯಮ ಮಾಡಾವ್ರು ಬ್ಯಾರೆ, ಮುರಿಯಾವ್ರು ಬ್ಯಾರೆ. ತಪ್ಪು ಹಿಡಿಯಾಕ ಒಬ್ರು ಬೇಕಲ್ಲ? ಪಾರ್ಲಿಮೆಂಟ್ ಅಂದ್ರ ದೇಶದ ಕರಡು ತಿದ್ದೂ ಖೋಲಿ, ತಿಳ್ಕೋಲೇ" ಎಂದ.

"ಅಲ್ಲರ ಚಿಹ್ನೆ ನುಂಗಿಬಿಡು ಮಾಮಾ."

"ಆತು."

ಮೂರು ನಿಮಿಷ ಕೊಟ್ಟರು. ಮಾಮಾ ಅರ್ಜಿ ಹಿಡಿದು ಎದ್ದ. "ಮಾನ್ಯರೇ ಅಲ್ಪವಿರಾಮ ನನ್ನ ಹೆಂಡತಿಗೆ ಕಣ್ಣು ಕಾಣುವುದಿಲ್ಲ ಪೂರ್ಣವಿರಾಮ ಹೊಸ ಪ್ಯಾರಾ..." ಸಭೆ ಗೊಳ್ಳೆಂದಿತು. ಮಾಮಾ ಬೆವರಿದ, ಬೆವರಿದಷ್ಟೂ ಚಿಹ್ನೆಗಳು ಹೆಚ್ಚಾದವು. ಎರಡನೇ ಪ್ಯಾರಾಕ್ಕೇ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಕಾರ್ಡಿನ ಮಾತಿದ್ದದ್ದು ನಾಲ್ಕನೆಯದರಲ್ಲಿ!

ಸಮಿತಿಯಲ್ಲಿದ್ದ ನಮ್ಮ ಕಡೆಯ ಸದಸ್ಯರೊಬ್ಬರು ನಗುತ್ತಲೇ ಹಾಳೆ ಇಸಿದುಕೊಂಡು ನಾಲ್ಕನೆಯ ಪ್ಯಾರಾ ನೋಡಿದರು. ಅತ್ತೆಯತ್ತ ತಿರುಗಿದರು. "ಅಮ್ಮಾರ, ಎಲ್ಲಾ ಇವ್ರ ನೋಡ್ಕೋತಾರಲ್ರಿ. ನಿಮಗ್ಯಾಕ ಬ್ಯಾರೆ ಕಾರ್ಡು?"

ಅತ್ತೆ ಕುಳಿತಲ್ಲಿಂದಲೇ ಹೇಳಿದಳು: "ಇವ್ರಿಗೊಂದು ಅಂಗಿ ಹೊಲಸಬೇಕ್ರಿ. ಕಾಲರ್ ಹರದೈತಿ, ಒಗಿಯುವಾಗ ಕೈಗೆ ಹತ್ತತೈತಿ. ರೊಕ್ಕ ತಗದು ಕೊಡ್ರಿ ಅಂದ್ರ ಯಾಕ ಅಂತಾರ. ಹೇಳಿದ್ರ ಬ್ಯಾಡ ಅಂತಾರ್ರಿ."

ಮಾಮಾ ಕಾಲರಿನ ಮೇಲೆ ಅಂಗೈ ಮುಚ್ಚಿಕೊಂಡು ಕುಳಿತ. "ವರದಿಯಾಗ ಬರ್ತೈತ್ರಿ" ಎಂದು ಸದಸ್ಯರು ಬರೆದುಕೊಂಡರು.

ಕಾರ್ಡು ಇನ್ನೂ ಬಂದಿಲ್ಲ. ನಿನ್ನೆ ಮಧ್ಯಾಹ್ನ ಮಾಮಾ ಮಲಗಿದ್ದಾಗ ಅತ್ತೆ ಅವನ ಭುಜವನ್ನು ಗೇಣಿನಿಂದ ಅಳೆದು ನನ್ನ ಕೈಯಲ್ಲಿ ಬರೆಸಿದಳು: ಎರಡು ಗೇಣು, ಎರಡು ಬೆರಳು. ಮಾಮಾನಿಗೆ ಎಚ್ಚರವಿತ್ತು. ಅಳತೆ ಮುಗಿಯುವವರೆಗೂ ಅವನು ಅಲುಗಾಡಲಿಲ್ಲ.

ಆ ವರದಿ ಸದನದ ಮುಂದೆ ಬಂತೇ? ಅದರಲ್ಲಿ ಅತ್ತೆಯ ಮಾತು ಇದೆಯೇ? ಬಲ್ಲವರು ಯಾರಾದರೂ ಇದ್ದರೆ ನನಗೊಂದು ಸಾಲು ಬರೆಯಿರಿ.