ದೋಣಿ ಮೋಟರಿಗೆ ಮಾವ ಹುಡುಕಿದ ವೈರು

ನಲ್ಲಿಗೆ ನೀರು ಬಂದರೆ ಓಣಿಗೆಲ್ಲ ಸುದ್ದಿಯಾಗುವ ಬೆಟಗೇರಿಯಲ್ಲಿ ಕೂತು ದೋಣಿಗೆ ಮೋಟರು ಕಟ್ಟುವ ಯೋಚನೆ ಯಾರಿಗಾದರೂ ಬಂದೀತೇ? ನನ್ನ ಸೋದರಮಾವನಿಗೆ ಬಂತು. ಈಜು ಬಾರದ, ಹೊಳೆ ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿಯುವ ಮನುಷ್ಯನಿಗೆ!

ಮಾವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅಲ್ಲಿಗೆ ಬಂದು ಹೊಸ ತಾಮ್ರ ಸುತ್ತಿಸಿಕೊಂಡು ಹೋಗುತ್ತವೆ. "ಮೋಟರ್ ಪಾಪದ್ದೋ, ಅದನ್ನ ಸುಡೂದು ಸಣ್ಣ ವೈರು" ಎನ್ನುವುದು ಅವರ ಸಿದ್ಧಾಂತ. ಹೀಗಾಗಿ ಯಾರ ಮನೆಗೆ ಹೋದರೂ ಕುಶಲ ವಿಚಾರಿಸುವ ಮೊದಲು ವೈರು ಮುಟ್ಟಿ ನೋಡುತ್ತಾರೆ. ಬೆಚ್ಚಗಿದ್ದರೆ ಆ ಮನೆಯವರ ಕತೆ ಮುಗಿಯಿತು.

ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ಮಾವ ಇಲ್ಲ. ಹುಡುಕಿದರೆ ಚಪ್ಪರದ ಹಿಂದೆ ಜನರೇಟರಿನ ವೈರು ಹಿಡಿದು, ಜ್ವರ ಬಂದ ಕೂಸಿನ ಕೈ ಹಿಡಿದವರಂತೆ ಕುಳಿತಿದ್ದಾರೆ. "ಅಕ್ಷತಿ ಹಾಕ ಬರ್ರಿ" ಎಂದು ಅತ್ತೆ ಕರೆದರೆ, "ನೀ ನನ್ನ ಪಾಲಿಂದೂ ಹಾಕಿಬಿಡು. ಇದನ್ನ ಬಿಟ್ಟು ಬಂದ್ರ ಚಪ್ಪರಕ್ಕ ಬೆಂಕಿ ಬೀಳ್ತೈತಿ" ಎಂದರು. ಮದುವೆಯ ಅಷ್ಟೂ ಫೋಟೊಗಳಲ್ಲಿ ಮಾವ ಇರುವುದು ಒಂದರಲ್ಲಿ ಮಾತ್ರ. ಅದೂ ಬರೀ ಬೆನ್ನು.

ಇಂಥವರಿಗೆ ದೋಣಿಯ ಉಸಾಬರಿ ಹತ್ತಿದ್ದು ಅತ್ತೆಯ ಅಣ್ಣನಿಂದ. ಮುಂಡರಗಿ ಕಡೆ ತುಂಗಭದ್ರೆಯ ದಂಡೆಯ ಊರು ಅವರದು. ಆಚೆ ದಂಡೆಯ ಹೊಲಗಳಿಗೆ ಹೋಗುವವರನ್ನು ತಮ್ಮ ಕಟ್ಟಿಗೆಯ ದೋಣಿಯಲ್ಲಿ ದಾಟಿಸುತ್ತಿದ್ದರು. ಬಲ ಭುಜ ಹಿಡಿದುಕೊಂಡು ಕೈ ಮೇಲೇಳದಂತಾದಾಗ ಡಾಕ್ಟರು, ಇನ್ನು ಹುಟ್ಟು ಹಾಕಬೇಡಿ ಎಂದುಬಿಟ್ಟರು. ಅತ್ತೆಯ ಅಣ್ಣ ಬೆಟಗೇರಿಗೆ ಬಂದು, "ದೋಣಿ ಮಾರತೀನಿ ತಂಗಿ" ಎಂದು ಹೇಳಿ, ಅತ್ತೆ ಬಡಿಸಿದ ರೊಟ್ಟಿಯನ್ನು ಮುರಿಯುತ್ತ ಕುಳಿತರೇ ಹೊರತು ಬಾಯಿಗೆ ಇಡಲಿಲ್ಲ. ಕೆಲವು ದಿನ ಕಳೆದ ಮೇಲೆ ಮಾವ ತರಿಸಿದ ಉದ್ದನೆಯ ಪೆಟ್ಟಿಗೆ ಕೊರಿಯರಿನಲ್ಲಿ ಬಂತು. ಒಳಗೆ ಬ್ಯಾಟರಿಯ ಮೇಲೆ ಓಡುವ ದೋಣಿ ಮೋಟರು.

ಮೋಟರಿನ ಜೊತೆ ಬಂದ ವೈರು ಗೇಣುದ್ದ. ಬ್ಯಾಟರಿ ಭಾರ, ಅದನ್ನೂ ಹಿಂದೆ ಇಟ್ಟರೆ ದೋಣಿಯ ಬಾಲ ಮುಳುಗುತ್ತದೆ. ಅದು ನಡುವೆ ಇರಬೇಕು, ಮೋಟರು ಹಿಂದೆ. ನಡುವಿನ ಅಂತರಕ್ಕೆ ಯಾವ ವೈರು? ಪರೀಕ್ಷೆಗೆಂದು ಅಂಗಡಿಯಲ್ಲಿ ಬಿದ್ದಿದ್ದ, ಮನೆ ವೈರಿಂಗಿನ ತೆಳ್ಳನೆಯ ಉದ್ದ ತುಂಡೊಂದನ್ನು ಮಾವ ಜೋಡಿಸಿದರು. ನೀರು ಬೇಕಲ್ಲ? ವಾರಗಟ್ಟಲೆ ಕಾದು ಅತ್ತೆ ತುಂಬಿಟ್ಟಿದ್ದ ಡ್ರಮ್ಮಿಗೇ ಮೋಟರಿನ ರೆಕ್ಕೆ ಇಳಿಸಿದರು. ಸ್ವಲ್ಪ ಹೊತ್ತು ಅದು ಒಲ್ಲದ ಮನಸ್ಸಿನಿಂದ ತಿರುಗಿತು, ವೈರು ಕಮಟು ವಾಸನೆ ಬಿಟ್ಟು ಮೆತ್ತಗಾಯಿತು. ವೈರನ್ನು ಅಲ್ಲೇ ಮೊಟಕು ಮಾಡಿ ಮತ್ತೆ ಜೋಡಿಸಿದ್ದೇ ತಡ, ರೆಕ್ಕೆಗೆ ಎಲ್ಲಿಲ್ಲದ ಜೋರು ಬಂದು ಅರ್ಧ ಡ್ರಮ್ಮು ನೀರು ಅಂಗಳ ತೊಳೆಯಿತು.

"ವೈರಿನ ತಪ್ಪು ಗೊತ್ತಾತು" ಎಂದರು ಮಾವ ಖುಷಿಯಿಂದ.

"ನನಗ ಮದಿವ್ಯಾದಾಗಿಂದ ಗೊತ್ತೈತಿ, ಯಾರ ತಪ್ಪು ಅಂತ" ಎಂದರು ಅತ್ತೆ, ಕಸಬರಿಗೆ ಹಿಡಿದು.

ಆಮೇಲೆ ನಾನೂ ಮಾವನೂ ಗದಗಿನ ವೈರಿನ ಅಂಗಡಿಗೆ ಹೋದೆವು. ಮಾವ ಸುರುಳಿಯ ಮೇಲೆ ಅಚ್ಚು ಹಾಕಿದ್ದನ್ನು ನಂಬುವುದಿಲ್ಲ. ಸಿಪ್ಪೆ ಸುಲಿದು ಎಳೆ ಬಿಡಿಸಿದರು, ಕಡ್ಡಿ ಗೀರಿ ಸುಟ್ಟು ನೋಡಿದರು, ಮೂಸಿದರು.

"ಕಾಕಾರ, ವೈರು ತಗೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?" ಎಂದ ಅಂಗಡಿಯವನು.

"ಹೆಣ್ಣು ನೋಡಾಕ ಹೋದಾಗ ಇಷ್ಟು ನೋಡಿರಲಿಲ್ಲಪಾ" ಎಂದು ಮಾವ ನಿಟ್ಟುಸಿರುಬಿಟ್ಟರು. "ಮನಿ ಕರೆಂಟಿಗೆ ಒತ್ತಡ ಭಾಳ, ಸಣ್ಣ ಸಂದ್ಯಾಗೂ ನುಗ್ತೈತಿ. ಬ್ಯಾಟರಿಗೆ ಆ ಜೋರಿಲ್ಲ, ಅದಕ್ಕ ಹಾದಿ ಅಗಲ ಬೇಕು. ದಪ್ಪಂದು ಕೊಡು, ಎಳಿ ಭಾಳ ಇರ್ಲಿ, ಅಂದ್ರ ಮಣೀತೈತಿ. ನೀರಾಗ ಹಸಿರು ಹಿಡೀಬಾರ್ದು, ಎಳಿಗೆ ಕಲಾಯಿ ಆಗಿರಬೇಕು."

"ಕಲಾಯಿ ಬೇಕಂದ್ರ ಪಾತ್ರಿ ಅಂಗಡಿಗೆ ಹೋಗ್ರಿ."

ಹಾಗೆಂದರೂ ಅವನೇ ಹುಬ್ಬಳ್ಳಿಯಿಂದ ತರಿಸಿಕೊಟ್ಟ. ಹೆಬ್ಬೆರಳು ದಪ್ಪದ ಕಪ್ಪು ವೈರು. ಮಾವ ಅದನ್ನು ಹೆಗಲಿಗೆ ಹಾಕಿಕೊಂಡು ಪೇಟೆಯಲ್ಲಿ ನಡೆದಾಗ ಹಾವು ಹಿಡಿಯುವವರೆಂದು ಒಬ್ಬ ಮುದುಕಿ ದಾರಿ ಬಿಟ್ಟಳು.

ಹೊಳೆಗೆ ಹೋದ ದಿನ ಮಾವ ವೈರು ಬಿಗಿದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿ, ಎಲ್ಲ ಸರಿಯಿದೆ ಎಂದು ದಂಡೆಯ ಮೇಲೆಯೇ ನಿಂತರು. "ಏನ್ರಿ, ನಮ್ಮಣ್ಣನ್ನ ಒಬ್ಬನ್ನ ಕಳಸ್ತೀರೇನು?" ಎಂದು ಅತ್ತೆ ಕೇಳಿದ ಮೇಲೆ ಲಾರಿ ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿ ಹತ್ತಿದರು. ಟ್ಯೂಬಿನೊಳಗಿಂದ ಕೈ ಚಾಚಿ ಮೋಟರಿನ ಹಿಡಿಕೆ ಹಿಡಿದದ್ದನ್ನು ನೋಡಿ ದಂಡೆಯವರೆಲ್ಲ ನಕ್ಕರು. ನಾನೂ ಅತ್ತೆಯೂ ಹಿಂದಿನಿಂದ ಹತ್ತಿದೆವು.

ಮೋಟರು ಸದ್ದಿಲ್ಲದೆ ದೋಣಿಯನ್ನು ತಳ್ಳಿತು. ಅತ್ತೆಯ ಅಣ್ಣ ರೂಢಿಯಂತೆ ಹುಟ್ಟು ಹಾಕುವ ಹಲಗೆಯ ಮೇಲೆ, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿದ್ದರು. ಕೈಗೆ ಕೆಲಸವಿಲ್ಲದೆ ಒಮ್ಮೆ ಪಂಜೆಯ ಚುಂಗು ಸರಿಮಾಡಿಕೊಂಡರು, ಒಮ್ಮೆ ಭುಜ ಒತ್ತಿಕೊಂಡರು. ನಡುಹೊಳೆಯಲ್ಲಿ ನಿಧಾನಕ್ಕೆ ತಿರುಗಿ ಕುಳಿತರು.

ಎದುರಿಗೆ ಆಚೆ ದಂಡೆ ಬರುತ್ತಿತ್ತು. ಜಾಲಿಗಿಡಗಳು, ನೀರಿಗಿಳಿದ ಎಮ್ಮೆಗಳು, ಕಲ್ಲಿನ ಮೇಲೆ ಬಟ್ಟೆ ಹರವುತ್ತಿದ್ದ ಹೆಂಗಸರು, ಅವರ ಹಿಂದೆ ಹಸಿರು ಜೋಳ.

"ತಂಗಿ, ದಿನಾ ದಾಟೀನಿ" ಎಂದರು ಅವರು, ಆ ದಂಡೆಯ ಮೇಲಿನ ಕಣ್ಣು ಕೀಳದೆ. "ಯಾವಾಗೂ ಬಿಟ್ಟು ಬಂದ ದಂಡೀನೇ ಕಾಣ್ತಿತ್ತು. ಈ ದಂಡಿ ಹಿಂಗ ಎದುರಿಗೆ ಬರೂದು ಇವತ್ತ ನೋಡಿದೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಾವ ಹಿಡಿಕೆ ತಿರುವಿ ದೋಣಿಯ ವೇಗ ಇಳಿಸಿದರು.

"ಯಾಕ, ವೈರು ಬಿಸಿ ಆತೇನು?" ಎಂದೆ.

"ಇಲ್ಲ" ಎಂದರು ಮಾವ ಸಣ್ಣ ದನಿಯಲ್ಲಿ. "ಅವರು ನೋಡ್ಲಿ ತಡಿ."