ಚಪ್ಪಲಿ ರಬ್ಬರಿನ ಸೀಲು

ಒಂದು ಕೆಲಸವನ್ನು ಜೀವಮಾನವಿಡೀ ಮಾಡಿದವನಿಗೆ ಆ ಕೆಲಸ ಚೆನ್ನಾಗಿ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಮಾಡಿದವನಂತೂ ಇನ್ನೂ ಗಟ್ಟಿಯಾಗಿ ನಂಬುತ್ತಾನೆ. ನಾನು ಕಾರ್ಕಳದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ತಲೆಗೂದಲೆಲ್ಲ ಉದುರಿದ ಮೇಲೆ ನಿವೃತ್ತನಾದವನು. ಈ ಎರಡರ ನಡುವೆ ನಾನು ಏನು ಮಾಡಿದೆ ಎಂದು ಕೇಳಿದರೆ ಪ್ರಾಮಾಣಿಕವಾಗಿ ಒಂದೇ ಉತ್ತರ: ಸೀಲು ಹೊಡೆದೆ. ಓದುವವರು ಓದುತ್ತಿದ್ದರು, ಸಹಿ ಮಾಡುವವರು ಮಾಡುತ್ತಿದ್ದರು, ಸೀಲು ಮಾತ್ರ ನನ್ನದು. ನನ್ನ ಸೀಲು ಎಂದೂ ಓರೆಯಾಗಿ ಬಿದ್ದದ್ದಿಲ್ಲ, ಶಾಯಿ ಹರಡಿದ್ದಿಲ್ಲ. ಕಚೇರಿಗೆ ಹೊಸದಾಗಿ ಬಂದವರಿಗೆ ಮೇಲಿನವರು ನನ್ನನ್ನು ತೋರಿಸಿ, "ಸೀಲು ಹೊಡೆಯುವುದನ್ನು ಇವರಿಂದ ಕಲಿಯಿರಿ" ಎನ್ನುತ್ತಿದ್ದರು. ಅದನ್ನು ಹೊಗಳಿಕೆ ಎಂದು ನಾನೂ, ತಮಾಷೆ ಎಂದು ನನ್ನ ಹೆಂಡತಿ ಸುಮತಿಯೂ ಇವತ್ತಿಗೂ ವಾದಿಸುತ್ತೇವೆ.

ಈಗ ನಾವು ಕಾಪುವಿನಲ್ಲಿದ್ದೇವೆ. ಮಗಳು ಸಂಧ್ಯಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಳಿಯ ದುಬೈಯಲ್ಲಿ. ಅವರ ಮಗಳು ಸಿರಿ ನಮ್ಮ ಜೊತೆ. ಕಳೆದ ಬೇಸಿಗೆಯಲ್ಲಿ ಅವಳ ಎಲ್‌ಕೆಜಿ ಮುಗಿದು ರಜೆ ಶುರುವಾದದ್ದೇ ತಡ, ಸಂಧ್ಯಾ ಮನೆಗೆ ಒಂದು ಕಾನೂನು ತಂದಳು. ಮಗುವಿನ ಕೈಗೆ ಮೊಬೈಲು ಕೊಡಬಾರದು. ಕಾನೂನು ಮಾಡುವವರು ಬೆಳಿಗ್ಗೆ ಮಣಿಪಾಲದ ಬಸ್ಸು ಹತ್ತುತ್ತಾರೆ, ಪಾಲಿಸುವವರು ಮನೆಯಲ್ಲಿ ಉಳಿಯುತ್ತಾರೆ. ನಾಲ್ಕು ದಿನಗಳಲ್ಲೇ ನನ್ನ ಕತೆಗಳೆಲ್ಲ ಖಾಲಿಯಾದವು. ನನ್ನ ಮುಖ ನೋಡಿ ಮಗಳಿಗೇ ಪಾಪ ಅನ್ನಿಸಿರಬೇಕು, ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿದಳು. ಬಿಚ್ಚಿ ನೋಡಿದರೆ ಒಳಗೆಲ್ಲ ರಬ್ಬರ್ ಸೀಲುಗಳು! ಮೀನು, ಆಮೆ, ಚಿಟ್ಟೆ, ಏಡಿ, ನಕ್ಷತ್ರ. ಪ್ರತಿಯೊಂದಕ್ಕೂ ಮರದ ಪುಟ್ಟ ಹಿಡಿ. ಜೊತೆಗೆ ಬಣ್ಣಬಣ್ಣದ ಸ್ಟಾಂಪ್ ಪ್ಯಾಡುಗಳು, ತೊಳೆದರೆ ಹೋಗುವ ಶಾಯಿಯಂತೆ. ನಿವೃತ್ತನಾದ ಮೇಲೆ ಇಷ್ಟು ಸಂತೋಷ ನನಗೆ ಪಿಂಚಣಿ ಮಂಜೂರಾದಾಗಲೂ ಆಗಿರಲಿಲ್ಲ.

"ಅಪ್ಪಾ, ಇದು ಮಕ್ಕಳಿಗೆ" ಎಂದಳು ಸಂಧ್ಯಾ, ನಾನು ಪೆಟ್ಟಿಗೆ ಹಿಡಿದುಕೊಂಡ ರೀತಿ ನೋಡಿ.

"ಗೊತ್ತುಂಟು. ಆದರೆ ಕಲಿಸ್ಲಿಕ್ಕೆ ಒಬ್ಬರು ಬೇಕಲ್ಲ?" ಎಂದೆ.

ಮಾರನೆಯ ದಿನ ಸಿಟ್‌ಔಟಿನಲ್ಲಿ ಚಾಪೆ ಹಾಸಿ ತರಗತಿ ಆರಂಭಿಸಿದೆ. ವಿದ್ಯಾರ್ಥಿಗಳು ಇಬ್ಬರು: ಸಿರಿ, ಮತ್ತು ಪಕ್ಕದ ಮನೆಯ ಜೊಯೆಲ್. ಅವಳ ಮನೆಮಾತು ತುಳು, ಅವನದ್ದು ಕೊಂಕಣಿ. ಇಬ್ಬರೂ ಸೇರಿದರೆ ಶಾಲೆಯ ಟೀಚರಿಂದ ಕಲಿತ ಶುದ್ಧ ಕನ್ನಡದಲ್ಲಿ ಜಗಳವಾಡುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, ಸೀಲನ್ನು ಪ್ಯಾಡಿಗೆ ಒತ್ತಬಾರದು, ಮುಟ್ಟಿಸಬೇಕು; ಕಾಗದದ ಮೇಲೆ ನೆಟ್ಟಗೆ ಇಟ್ಟು ನೆಟ್ಟಗೆ ಎತ್ತಬೇಕು; ಶಾಯಿ ಒಣಗಿದ್ದರೆ ರಬ್ಬರಿನ ಮೇಲೆ ಬಾಯಿಯಿಂದ 'ಹಾ' ಎಂದು ಬಿಸಿ ಉಸಿರು ಬಿಡಬೇಕು ಎಂದು ವಿವರಿಸಿದೆ. ಕೊನೆಯದು ಮಾತ್ರ ಅವರಿಗೆ ಹಿಡಿಸಿತು. ಹತ್ತು ನಿಮಿಷ ಇಬ್ಬರೂ ಪರಸ್ಪರರ ಮುಖಕ್ಕೆ 'ಹಾ' ಎಂದುಕೊಂಡು ಉರುಳಾಡಿದರು.

ಆಮೇಲೆ ಜೊಯೆಲ್ ಮೀನಿನ ಸೀಲು ಎತ್ತಿ ಓರೆಯಾಗಿ ಹೊಡೆದ. ನಾನು ತಿದ್ದಿದೆ.

"ಅಂಕಲ್, ಮೀನು ಯಾಕೆ ನೆಟ್ಟಗೆ ಇರಬೇಕು?"

"ಸೀಲು ಅಂದ್ರೆ ನೆಟ್ಟಗೆ ಇರಬೇಕು ಮಾರಾಯ."

"ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಓರೆ ಇರ್ತದೆ."

ಅಷ್ಟರಲ್ಲಿ ಸಿರಿ ಒಂದೇ ಜಾಗದಲ್ಲಿ ಒಂದರ ಮೇಲೊಂದು ಮೀನು ಹೊಡೆದೂ ಹೊಡೆದೂ ಕಾಗದವನ್ನು ನೀಲಿ ಮುದ್ದೆ ಮಾಡಿದ್ದಳು. "ಇದೆಂತ ಪುಟ್ಟಾ?" ಎಂದೆ. "ಬಲೆಯಲ್ಲಿ ಬಿದ್ದದ್ದು ಅಜ್ಜ. ಬಲೆಯಲ್ಲಿ ಹೀಗೇ ಇರ್ತದೆ" ಎಂದಳು. ಸಂಜೆ ಸಂಜೆ ಅವಳನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ, ಬಲೆಯಿಂದ ಮೀನು ಬಿಡಿಸುವುದನ್ನು ತೋರಿಸಿದವನು ನಾನೇ. ಮತ್ತೊಮ್ಮೆ ಕಾಗದ ನೋಡಿದೆ. ನಿಜಕ್ಕೂ ಬಲೆಯ ತುಂಬ ಬಂಗುಡೆ ಬಿದ್ದ ಹಾಗೆಯೇ ಇತ್ತು. ನಾನು ಹೊಡೆದ ನೆಟ್ಟಗಿನ ಮೀನು ಪಕ್ಕದಲ್ಲಿ ಒಂದೇ ಒಂದು, ಅರ್ಜಿ ಸಲ್ಲಿಸಲು ಬಂದು ನಿಂತವರ ಹಾಗೆ ಕಾಣುತ್ತಿತ್ತು. ಅಲ್ಲಿಗೆ ನಾನು ಪಾಠ ನಿಲ್ಲಿಸಿದೆ. ಮೂವರೂ ಸೇರಿ ಹಳೆಯ ಪೇಪರು, ಬಾಳೆಲೆಯ ತುಂಡು, ಸ್ವಂತ ಮೊಣಕಾಲು, ಸಿಕ್ಕಿದ್ದಕ್ಕೆಲ್ಲ ಸೀಲು ಹೊಡೆದೆವು. ಒಂದು ಸೀಲನ್ನು ಯಾವ ಕಾರಣವೂ ಇಲ್ಲದೆ, ಮೇಲಿನವರ ಅನುಮತಿಯೂ ಇಲ್ಲದೆ ಹೊಡೆಯುವುದರಲ್ಲಿ ಎಷ್ಟು ಸುಖ ಉಂಟೆಂದು ನನಗೆ ಅಂದೇ ಗೊತ್ತಾದದ್ದು.

ಆ ಸುಖಕ್ಕೆ ಬೆಲೆಯೂ ತೆರಬೇಕಾಯಿತು ಎನ್ನಿ. ಒಂದು ಮಧ್ಯಾಹ್ನ ಊಟವಾಗಿ ಚಾಪೆಯ ಮೇಲೆ ಸಣ್ಣ ನಿದ್ದೆ ತೆಗೆದೆ. ಎದ್ದು, ಗೇಟಿನ ಹೊರಗೆ ಮೀನಿನ ಹೆಂಗಸು ಕೂಗಿದ್ದು ಕೇಳಿ ಪಾತ್ರೆ ಹಿಡಿದುಕೊಂಡು ಹೋದೆ. ಅವಳು ಬುಟ್ಟಿ ಇಳಿಸಿ, ನಾನು ಬಗ್ಗಿ ಮೀನು ಆರಿಸುವಾಗ ಸೆರಗು ಬಾಯಿಗೆ ಒತ್ತಿಕೊಂಡಳು.

"ಏಡಿ ಬೇಕಾ ಅಂತ ಕೇಳ್ಬೇಕಂತಿದ್ದೆ ಅಣ್ಣ. ನಿಮ್ಮಲ್ಲೇ ಉಂಟಲ್ಲ!"

ಕನ್ನಡಿ ನೋಡಿದರೆ ನನ್ನ ಬೋಳುತಲೆಯ ನಟ್ಟನಡುವೆ ಕೆಂಪು ಏಡಿಯೊಂದು ಕಾಲು ಚಾಚಿ ಕುಳಿತಿತ್ತು. ಒಂದು ಮಾತು ಹೇಳಲೇಬೇಕು, ಆ ಏಡಿ ಮಾತ್ರ ಸ್ವಲ್ಪವೂ ಓರೆಯಾಗಿರಲಿಲ್ಲ, ಶಾಯಿಯೂ ಹರಡಿರಲಿಲ್ಲ. ನಾನು ಹೇಳಿಕೊಟ್ಟದ್ದು ವ್ಯರ್ಥವಾಗಲಿಲ್ಲ ಎಂದು ಬೈಯುವುದನ್ನು ಬಿಟ್ಟುಬಿಟ್ಟೆ.

ರಜೆಯ ಅರ್ಧ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ಮೀನು, ಚಿಟ್ಟೆಗಳು ಮಕ್ಕಳಿಗೆ ಬೇಸರವಾದವು. "ಅಜ್ಜ, ನನಗೆ ನನ್ನ ಹೆಸರಿನ ಸೀಲು ಬೇಕು" ಎಂದಳು ಸಿರಿ. ಆಗ ಸುಮತಿ ಹೆಜಮಾಡಿಯಲ್ಲಿ ತಂಗಿಯ ಸೊಸೆಯ ಬಾಣಂತನಕ್ಕೆಂದು ಹೋಗಿದ್ದಳು. ಅವಳು ಮನೆಯಲ್ಲಿದ್ದಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. ನಾನು ಬಚ್ಚಲುಮನೆಯ ಹಳೆಯ ಹವಾಯಿ ಚಪ್ಪಲಿ ತೊಳೆದು, ಹಿಮ್ಮಡಿಯ ಭಾಗದಿಂದ ಒಂದು ತುಂಡು ಕತ್ತರಿಸಿ, ಬ್ಲೇಡು ಹಿಡಿದು ಕುಳಿತೆ. ಅಕ್ಷರ ಉಳಿಯಬೇಕು, ಸುತ್ತಲಿನ ರಬ್ಬರು ಹೋಗಬೇಕು. 'ಸಿ'ಯ ಗುಡಿಸು ಕೆತ್ತುವಾಗ ಬೆರಳು ಕೊಯ್ದುಕೊಂಡೆ, 'ರಿ'ಯ ಹೊತ್ತಿಗೆ ಸೊಂಟ ಹಿಡಿಯಿತು. ಸಂಜೆಗೆ ಕೆತ್ತನೆ ಮುಗಿಯಿತು. ರಬ್ಬರಿನ ಮೇಲೆ ದುಂಡುದುಂಡಾಗಿ 'ಸಿರಿ' ಎಂದು ಎದ್ದು ನಿಂತದ್ದು ನೋಡಿ ನನಗೇ ಕಣ್ಣು ತುಂಬಿ ಬಂತು. ಪೆಟ್ಟಿಗೆಯ ಪ್ಯಾಡುಗಳು ಅಷ್ಟರಲ್ಲಿ ಒಣಗಿದ್ದರಿಂದ, ಅಂಗಡಿಯಿಂದ ನಮ್ಮ ಕಚೇರಿಯ ನೇರಳೆ ಶಾಯಿಯನ್ನೇ ತಂದಿದ್ದೆ. ಮುಟ್ಟಿಸಿ, ನೆಟ್ಟಗೆ ಇಟ್ಟು, ನೆಟ್ಟಗೆ ಎತ್ತಿದೆ.

ಕಾಗದದ ಮೇಲೆ 'ರಿ' ಮೊದಲು ಬಂದಿತ್ತು, 'ಸಿ' ಆಮೇಲೆ. ಎರಡೂ ನನ್ನ ಕಡೆಗೆ ಬೆನ್ನು ಹಾಕಿ ನಿಂತಿದ್ದವು.

ಇಷ್ಟು ವರ್ಷ ಸೀಲು ಹಿಡಿದವನು ನಾನು. ಅದರ ತಳದಲ್ಲಿ ಅಕ್ಷರಗಳು ತಿರುವುಮುರುವಾಗಿ ಇರುತ್ತವೆ ಎಂಬುದನ್ನು ದಿನವೂ ನೋಡಿದ್ದೇನೆ, ಒಮ್ಮೆಯೂ ಗಮನಿಸಲಿಲ್ಲ. ತಲೆಯ ಮೇಲೆ ಕೈಯಿಟ್ಟು ಕುಳಿತಿದ್ದಾಗ ಸಿರಿ ಬಂದು ಕಾಗದ ಎತ್ತಿಕೊಂಡಳು. "ಇದು ನನ್ನ ಹೆಸರಾ ಅಜ್ಜ?" ಅವಳಿಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. "ಹೌದು" ಎಂದೆ. ಅವಳು ಕುಣಿದುಕೊಂಡು ಜೊಯೆಲನಿಗೆ ತೋರಿಸಲು ಓಡಿದಳು. ನಾಳೆ ಬೇರೆ ಮಾಡಿದರಾಯಿತು ಎಂದುಕೊಂಡೆ. ನಾಳೆ ಜೊಯೆಲನಿಗೆ ದೋಣಿ ಬೇಕಾಯಿತು, ನಾಡಿದ್ದು ಸಿರಿಗೆ ಬೆಕ್ಕು. ಚಪ್ಪಲಿ ಮುಗಿಯಿತು, ರಜೆಯೂ ಮುಗಿಯಿತು.

ಶಾಲೆ ತೆರೆದು ಕೆಲವು ವಾರಗಳಾಗಿರಬಹುದು. ಒಂದು ಸಂಜೆ ಸಂಧ್ಯಾ ಕೆಲಸದಿಂದ ಬಂದವಳು ಚಹಾ ಕುಡಿಯದೆ ಕುಳಿತಿದ್ದಳು. ಟೀಚರು ಫೋನು ಮಾಡಿದ್ದರಂತೆ. ಕನ್ನಡದಲ್ಲಿ ಹೆಸರು ಬರೆಯಲು ಕಲಿಸುತ್ತಿದ್ದಾರೆ, ಸಿರಿ ಪೂರ್ತಿ ಉಲ್ಟಾ ಬರೆಯುತ್ತಾಳೆ, ತಿದ್ದಿದರೆ ಒಪ್ಪುವುದಿಲ್ಲ, ಒಮ್ಮೆ ಯಾರಿಗಾದರೂ ತೋರಿಸಿ ಎಂದರಂತೆ. ಸಂಧ್ಯಾ ಆಗಲೇ ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿಕೊಂಡಿದ್ದಳು.

"ನಾನು ಇಡೀ ದಿನ ಕೆಲಸ ಕೆಲಸ ಅಂತ ಹೋಗ್ತೇನೆ ಅಮ್ಮ. ಮಗುವಿಗೆ ಎಂತದೋ ತೊಂದರೆ ಉಂಟು, ನನಗೆ ಗೊತ್ತೇ ಆಗ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಟೀಚರು ಕಳಿಸಿದ ಚಿತ್ರವನ್ನು ನನಗೂ ತೋರಿಸಿದಳು. ನನ್ನ ಕನ್ನಡಕ ಒಳಗಿತ್ತು. ಕನ್ನಡಕವಿಲ್ಲದೆಯೇ ನೋಡಿ "ಛೆ, ಛೆ" ಎಂದೆ.

ನಿಮಗೆ ಇಷ್ಟರಲ್ಲಿ ಎಲ್ಲ ಅರ್ಥವಾಗಿರಬಹುದು. ನನಗೆ ಆಗಲಿಲ್ಲ. ಆಗದ್ದಷ್ಟೇ ಅಲ್ಲ, ಒಂದು ಸಿದ್ಧಾಂತವನ್ನೂ ಮಂಡಿಸಿದೆ. "ಅಳಿಯನ ತಾಯಿ ಎಡಗೈಯವರಲ್ವಾ? ಆ ಕಡೆಯಿಂದ ಬಂದಿರಬೇಕು ಇದು."

"ಅವರ ಸುದ್ದಿ ಯಾಕೆ ಮಾರಾಯ್ರೇ ಈಗ?" ಎಂದು ಸುಮತಿ ಗದರಿದಳು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸಿರಿ ಒಬ್ಬಳು ಎರಡು ಸಲ ಸಾರು ಹಾಕಿಸಿಕೊಂಡಳು.

ಮಣಿಪಾಲದಲ್ಲಿ ಮಕ್ಕಳ ಡಾಕ್ಟರೊಬ್ಬರನ್ನು ನೋಡುವುದೆಂದಾಯಿತು. ಸಂಧ್ಯಾ ಗೆಳತಿಯ ಕಾರು ಕೇಳಿ ತಂದಳು. ಧೈರ್ಯಕ್ಕೆ ಇರಲಿ ಎಂದು ನಾನೂ ಹೊರಟೆ. ಡಾಕ್ಟರಮ್ಮ ಸೌಮ್ಯ ಹೆಂಗಸು. ಸಿರಿಗೆ ಚಿತ್ರ ತೋರಿಸಿದರು, ಚೆಂಡು ಹಿಡಿಸಿದರು, ಲೆಕ್ಕ ಕೇಳಿದರು. ಎಲ್ಲಕ್ಕೂ ಸರಿಯಾದ ಉತ್ತರ. ಕೊನೆಗೆ ಕಾಗದ ಪೆನ್ನು ಕೊಟ್ಟು, "ನಿನ್ನ ಹೆಸರು ಬರಿ ನೋಡುವ" ಎಂದರು. ಸಿರಿ ನಾಲಗೆ ಹೊರಗೆ ಚಾಚಿ, ಒಂದು ಗೆರೆಯೂ ತಡವರಿಸದೆ ಬರೆದಳು. ಡಾಕ್ಟರಮ್ಮ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಸಣ್ಣ ಮಕ್ಕಳು ಒಂದೆರಡು ಅಕ್ಷರ ತಿರುಗಿಸಿ ಬರೆಯುವುದು ಉಂಟು, ಅದಕ್ಕೆ ಹೆದರಬೇಕಂತ ಇಲ್ಲ. ಆದರೆ ಇಷ್ಟು ಚಂದ ಉಲ್ಟಾ ಬರೆದದ್ದನ್ನು ನಾನು ನೋಡಲಿಲ್ಲ. ಯಾರು ಪುಟ್ಟಾ ನಿಂಗೆ ಹೇಳಿಕೊಟ್ಟದ್ದು?"

"ಅಜ್ಜ."

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಅವಮಾನವಾಯಿತು. "ನಾನಾ?" ಎಂದು ಪೆನ್ನು ಕಸಿದುಕೊಂಡು, ಆ ಕಾಗದದಲ್ಲೇ ದೊಡ್ಡದಾಗಿ 'ಸಿರಿ' ಎಂದು ಬರೆದು ತೋರಿಸಿದೆ.

ಸಿರಿ ಅದನ್ನು ನೋಡಿ ತಲೆಯಾಡಿಸಿದಳು. "ಅಲ್ಲ ಅಜ್ಜ, ಟೀಚರೂ ಹೀಗೆ ತಪ್ಪೇ ಬರೀತಾರೆ" ಎಂದು ತನ್ನ ಪುಟ್ಟ ಚೀಲಕ್ಕೆ ಕೈ ಹಾಕಿ, ನೀಲಿ ಚಪ್ಪಲಿಯ ತುಂಡೊಂದನ್ನು ಹೊರತೆಗೆದಳು. ಅದರ ಮೇಲೆ 'ಹಾ' ಎಂದು ಉಸಿರು ಬಿಟ್ಟಳು. ಡಾಕ್ಟರಮ್ಮನ ಚೀಟಿಯ ಮೇಲೆ ನೆಟ್ಟಗೆ ಇಟ್ಟು, ನೆಟ್ಟಗೆ ಎತ್ತಿದಳು.

ಡಾಕ್ಟರಮ್ಮ ಚೀಟಿಯನ್ನು ಕಟ್ಟಿನಿಂದ ಹರಿದು, ತಿರುಗಿಸಿ, ದೀಪಕ್ಕೆ ಹಿಡಿದರು. ಹಿಂದಿನಿಂದ 'ಸಿರಿ' ಎಂದು ನೇರಳೆ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ತುಟಿ ಬಿಗಿಹಿಡಿದು ನೋಡಿದರು, ಆಗಲಿಲ್ಲ. ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮಗುವಿಗೆ ಎಂತದೂ ಬೇಡ. ಅಜ್ಜನಿಗೆ ಒಂದು ಕನ್ನಡಿ ತೆಗೆದುಕೊಡಿ" ಎಂದರು.

ಉಡುಪಿ ದಾಟುವ ತನಕ ಸಂಧ್ಯಾ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದಳು. ನಾನು ಕಿಟಕಿಯ ಹೊರಗಿನ ಬೋರ್ಡುಗಳನ್ನೆಲ್ಲ ಮನಸ್ಸಿನಲ್ಲೇ ಓದುತ್ತಿದ್ದೆ. ಕಟಪಾಡಿ ಹತ್ತಿರ ಬಂದಾಗ ಅವಳು ಕಾರನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ತಲೆ ಆನಿಸಿದಳು. ಅಳುತ್ತಿದ್ದಾಳೆಂದು ನಾನು ಗಾಬರಿಯಾದೆ. ಬಗ್ಗಿ ನೋಡಿದರೆ ನಗುತ್ತಿದ್ದಳು, ಮಧ್ಯೆ ಅಳುತ್ತಲೂ ಇದ್ದಳು.

"ಅಪ್ಪಾ, ನನಗೆ ಸರಿಯಾಗಿ ನಿದ್ದೆ ಬಾರದೆ ಎಷ್ಟು ದಿನ ಆಯ್ತು ಗೊತ್ತುಂಟಾ? ಮೇಲಿಂದ ನೀವು ಅತ್ತೆಯವರ ಎಡಗೈ ಅಂತ ಹೇಳಿದ್ರಿ. ನಾನು ಅದನ್ನು ಇವರಿಗೂ ಹೇಳಿ, ದುಬೈಯಿಂದ ಇವರು ಅವರಿಗೆ ಫೋನು ಮಾಡಿ, ಅಲ್ಲೊಂದು ಜಗಳ ಆಗಿದೆ."

ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಎಲ್ಲರಿಗೂ ಬನ್ಸ್ ಕೊಡಿಸಿದೆ. ಮಗಳು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ತಿಂದಳು. ಅವಳು ತಿನ್ನುವುದನ್ನು ನೋಡುತ್ತ, ಮಗುವಿಗೆ ಏನೂ ಇಲ್ಲವಲ್ಲ, ತಪ್ಪು ನನ್ನೊಬ್ಬನದೇ ಅಲ್ಲವೇ ಎಂದು ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಮನೆಗೆ ಬಂದು ಬೀಗಿತ್ತಿಯವರಿಗೂ ಫೋನು ಮಾಡಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸಿನವರು. ನಕ್ಕು, ತಮ್ಮ ಹೆಸರಿನದ್ದೂ ಒಂದು ಸೀಲು ಮಾಡಿಕೊಡಲು ಹೇಳಿದರು, ನೆಟ್ಟಗಿನದ್ದು.

ಸಂಧ್ಯಾ ಕೂರಿಸಿ ತಿದ್ದಿದ ಮೇಲೆ ಸಿರಿ, ಟೀಚರು ಬರೆಯುವುದೇ ಸರಿ ಎಂದು ಒಪ್ಪಿಕೊಂಡು ಹೆಸರನ್ನು ಹಾಗೆಯೇ ಬರೆಯತೊಡಗಿದಳು. ಆ ಭಾನುವಾರ ಸುಮತಿಯ ಕಣ್ಗಾವಲಿನಲ್ಲಿ ಮತ್ತೆ ಬ್ಲೇಡು ಹಿಡಿದೆ. ಈ ಸಲ ಕಾಗದದಲ್ಲಿ ಬರೆದು, ತಿರುಗಿಸಿ, ಕನ್ನಡಿಯಲ್ಲಿ ಎರಡೆರಡು ಬಾರಿ ನೋಡಿ, ಆಮೇಲೆ ರಬ್ಬರಿಗೆ ಇಳಿಸಿದೆ. ಸಂಜೆಗೆ ಶಾಯಿ ಮುಟ್ಟಿಸಿ ಹೊಡೆದರೆ, ಆಹಾ! 'ಸಿರಿ' ಎಂದು ಹೇಗೆ ಬರಬೇಕೋ ಹಾಗೆಯೇ ಬಂತು. ಸುಮತಿ ಕೂಡ "ಅಡ್ಡಿಯಿಲ್ಲ" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಸಿರಿಯನ್ನು ಕರೆದು, ಎರಡೂ ಕೈಗಳಿಂದ ಹೊಸ ಸೀಲನ್ನು ಅವಳಿಗೆ ಒಪ್ಪಿಸಿದೆ.

ಅವಳು ಕಾಗದದ ಕಡೆ ನೋಡಲೇ ಇಲ್ಲ. ಸೀಲನ್ನು ಮಗುಚಿ, ರಬ್ಬರಿನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕರುಣೆಯಿಂದ ನನ್ನನ್ನು ನೋಡಿದಳು.

"ಅಜ್ಜ, ನೀವೂ ಉಲ್ಟಾ ಬರ್ದಿದ್ದೀರಿ."

ನಾನು ವಿವರಿಸಿದೆ. ರಬ್ಬರಿನಲ್ಲಿ ಉಲ್ಟಾ ಇದ್ದರೆ ಕಾಗದದಲ್ಲಿ ಸರಿ ಬರುತ್ತದೆ, ರಬ್ಬರಿನಲ್ಲಿ ಸರಿ ಇದ್ದರೆ ಕಾಗದದಲ್ಲಿ ಉಲ್ಟಾ ಬರುತ್ತದೆ ಎಂದೆ. ಕನ್ನಡಿ ಹಿಡಿದು ತೋರಿಸಿದೆ. ಹೇಳುತ್ತ ಹೇಳುತ್ತ ಯಾವುದು ಸರಿ, ಯಾವುದು ಉಲ್ಟಾ ಎಂದು ನನಗೇ ತಲೆ ತಿರುಗಿ, ಮಾತು ಅರ್ಧದಲ್ಲಿ ನಿಂತಿತು. ಸಿರಿ ಅಷ್ಟು ಹೊತ್ತೂ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಹತ್ತಿರ ಬಂದು, ನನ್ನ ಬೆನ್ನು ತಟ್ಟಿ, "ಪರವಾಗಿಲ್ಲ ಅಜ್ಜ. ನೀವು ಸ್ವಲ್ಪ ದೊಡ್ಡವರಾದ ಮೇಲೆ ಸರಿ ಆಗ್ತದೆ" ಎಂದಳು.

ನನಗೀಗ ಅರುವತ್ತೈದು ದಾಟಿದೆ. ಕಾಯುತ್ತಿದ್ದೇನೆ.