ಎಡಗಡೆ ಸೀಟಿನ ಬಿಸಿ

ಮೂಡಲಗಿಯಲ್ಲಿ ಒಲೆಯಿಲ್ಲದೆ, ಗ್ಯಾಸಿಲ್ಲದೆ, ಕೆಂಡವಿಲ್ಲದೆ ಹಪ್ಪಳ ಸುಡಬಲ್ಲವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ! ಹಪ್ಪಳವನ್ನು ತಮ್ಮ ಕಾರಿನ ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಇಡುತ್ತಿದ್ದರು. ಗೋಕಾಕ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಅಷ್ಟರಲ್ಲಿ ಹಪ್ಪಳ ಮೈತುಂಬ ಗುಳ್ಳೆ ಎದ್ದು ಊಟಕ್ಕೆ ತಯಾರಾಗಿರುತ್ತಿತ್ತು. ಬೇರೆಯವರ ಕಾರು ಬರೀ ಮಂದಿಯನ್ನು ಸಾಗಿಸುತ್ತದೆ. ನಮ್ಮ ಕಾಕಾನ ಕಾರು ಅಡುಗೆಯನ್ನೂ ಮಾಡುತ್ತಿತ್ತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಸುಬು. ಮಸಗುಪ್ಪಿ, ನಾಗನೂರಿನ ಎಷ್ಟೋ ಕಬ್ಬಿನ ಹೊಲಗಳಿಗೆ ನೀರು ಹರಿಯುವುದು ಇವರ ಕೈಗುಣದಿಂದ. ಇಂಥ ಮನುಷ್ಯ ಗುಜರಿಯಿಂದ ಹಳೆಯ ಕಾರಿನ ಇಂಜಿನ್ ತಂದು, ಚೌಕಟ್ಟು ತಾವೇ ಬೆಸೆದು, ತಗಡು ತಾವೇ ಬಡಿದು, ಎರಡೇ ಸೀಟಿನ ಕೆಂಪು ರೇಸ್ ಕಾರು ಕಟ್ಟಿದರು! ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗಬೇಕಾದ ನಮ್ಮ ರಸ್ತೆಗಳಲ್ಲಿ ರೇಸ್ ಯಾರ ಜೊತೆ? ಕೇಳಿದರೆ, "ಲೇ, ಟ್ರ್ಯಾಕ್ಟರ್ ಜೋಡೀನ. ಒಂದರೆ ಗೆಲ್ಲಾಕ ಬೇಕಲ್ಲ!" ಎನ್ನುತ್ತಿದ್ದರು.

ಕಾರು ಓಡಿತು. ಆದರೆ ಸೈಲೆನ್ಸರ್ ಪೈಪು ಎಡಗಡೆಗೆ ಬಂತು. ಇಂಜಿನ್ನಿನಿಂದ ಹೊರಟು, ಎಡಗಡೆ ಸೀಟಿನವರ ಪಾದದ ಕೆಳಗೇ ಹಾಯ್ದು, ಹಿಂದಕ್ಕೆ ಹೋಗುತ್ತಿತ್ತು. ಬಲಗಡೆ ಕೂತ ಕಾಕಾ ತಂಪಾದ ಮಹಾಬಲೇಶ್ವರಕ್ಕೆ ಹೋದವರಂತೆ ಹಾಯಾಗಿ ಹಾಡು ಗುನುಗುತ್ತಿದ್ದರು. ಎಡಗಡೆ ಕೂತವನು ಕಾಲನ್ನು ಎಲ್ಲಿಡಲಿ ಎಂದು ಹುಡುಕುತ್ತಿದ್ದ.

ಎಡಗಡೆ ಸೀಟು ಇದ್ದದ್ದೇ ಕಾಕೂನ ಸಲುವಾಗಿ. ಕಾಕೂ ಎಂದರೆ ಕಾಕಾನ ಹೆಂಡತಿ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಬಿಸಿ, ತಂಪು ಯಾವುದೂ ಗೊತ್ತಾಗುವುದಿಲ್ಲ. ಹಿಂದೊಮ್ಮೆ ಕಾಕಾನ ಬೈಕಿನ ಮೇಲೆ ತವರೂರು ಹುಕ್ಕೇರಿಗೆ ಹೊರಟಾಗ ಸೈಲೆನ್ಸರಿಗೆ ಪಾದ ತಾಗಿತ್ತು. ಕಾಕೂ ದಾರಿಯುದ್ದಕ್ಕೂ ಊರ ಸುದ್ದಿ ಹೇಳುತ್ತ, ನಗುತ್ತ ಕೂತಿದ್ದರು. ಇಳಿದಾಗ ನೋಡಿದರೆ ಚರ್ಮವೇ ಸುಟ್ಟುಹೋಗಿತ್ತು. ಆ ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರರೂ ಹೆದರಿಸಿದ್ದರು. ಅಂದಿನಿಂದ ಕಾಕೂಗೆ ಬೈಕು ಬಂದ್, ಬಸ್ಸೇ ಗತಿ.

ಈಗ ಹುಕ್ಕೇರಿಯಲ್ಲಿ ಅವರ ಅಣ್ಣನ ಹೊಸ ಮನೆಯ ವಾಸ್ತುಶಾಂತಿ ಬಂದಿತ್ತು. ವೈನಿಯ, ಅಂದರೆ ಅತ್ತಿಗೆಯ, ಚುಚ್ಚುಮಾತಿಗೆ ಕಾಕೂ ಹಟ ಹಿಡಿದರು.

"ನಿನ್ನ ಗಂಡ ತಗಡ ಬಡಕೋತ ಕುಂತಾನಂತ ನಮ್ಮ ವೈನಿ ನಗತಾಳ್ರಿ. ನಾ ಈ ಸಲ ಕೆಂಪ ಗಾಡ್ಯಾಗ ಹೋಗಿ ಅವರ ಬಾಗಲ ಮುಂದ ಇಳೀಬೇಕು."

"ಎಡಗಡಿ ತಣ್ಣಗಾಗೂ ತನಕ ನಿನ್ನ ಕುಂದ್ರಸಂಗಿಲ್ಲ," ಎಂದರು ಕಾಕಾ.

ಹಾಗಾದರೆ ಯಾರನ್ನು ಕೂರಿಸಬೇಕು? ಗೋಕಾಕದಲ್ಲಿದ್ದ ನನ್ನನ್ನು! ರಜೆ ಬಂತೆಂದರೆ ಫೋನು ಬರುತ್ತಿತ್ತು. ಹೋದ ಕೂಡಲೇ ನನ್ನ ಬೂಟು, ಕಾಲುಚೀಲ ಬಿಚ್ಚಿಸುತ್ತಿದ್ದರು. "ನಿನ್ನ ಕಾಲು ಚೊಲೋ ಅದಾವಲೇ, ಲಗೂನ ಸುಡತಾವ," ಎಂದು ಹೊಗಳುತ್ತಿದ್ದರು. ನನ್ನ ಕಾಲಿಗೆ ಜೀವನದಲ್ಲಿ ಸಿಕ್ಕ ಹೊಗಳಿಕೆ ಅದೊಂದೇ.

ಮೊದಲ ಉಪಾಯ ಒದ್ದೆ ಗೋಣಿಚೀಲ. ಪೈಪಿಗೆಲ್ಲ ಸುತ್ತಿ, ನೀರು ಹೊಯ್ದು ಹೊರಟೆವು. ಊರು ದಾಟುವ ಮೊದಲೇ ನಾಲ್ಕೂ ಕಡೆಯಿಂದ ಹಬೆ ಎದ್ದಿತು. ಮುಂದಿನ ರಸ್ತೆಯೇ ಕಾಣಿಸದೆ ಚಹಾದಂಗಡಿಯ ಎದುರು ನಿಂತೆವು. ಅಂಗಡಿಯವನು ಹೊರಗೆ ಬಂದು ಕೈಕಟ್ಟಿ ನಿಂತು ನೋಡಿದ.

"ಕಾಕಾರ, ಇಡ್ಲಿ ಎಷ್ಟೊತ್ತಿಗೆ ಇಳಸ್ತೀರಿ? ಗಿರಾಕಿ ಕಾಯಾಕತ್ತಾರ!"

ಎರಡನೆಯ ಉಪಾಯ ನಿಜಕ್ಕೂ ಜಾಣತನದ್ದು. ಮೋಟರಿನ ತಂತಿ ಸುರುಳಿಗೆ ಸುತ್ತುವ ಗಾಜಿನ ನೂಲಿನ ಪಟ್ಟಿ ಅವರ ಅಂಗಡಿಯಲ್ಲೇ ಇತ್ತು. ಅದು ಸುಲಭಕ್ಕೆ ಸುಡುವುದಿಲ್ಲ, ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅದನ್ನು ಪೈಪಿಗೆ ಎಷ್ಟು ಅಂದವಾಗಿ ಸುತ್ತಿದರೆಂದರೆ ನೋಡಲು ಎರಡು ಕಣ್ಣು ಸಾಲದು! ಆದರೆ ಇಷ್ಟು ವರ್ಷ ಮೋಟರ್ ಕಟ್ಟಿದ ಕೈ ಸುಮ್ಮನಿರಬೇಕಲ್ಲ? ಸುರುಳಿಗೆ ಪಟ್ಟಿ ಸುತ್ತಿದ ಮೇಲೆ ವಾರ್ನಿಶ್ ಹಚ್ಚುವುದು ಅವರ ರೂಢಿ. ಇಲ್ಲಿಯೂ ಪಟ್ಟಿ ಸುತ್ತಿದರು, ಡಬ್ಬಿ ತೆಗೆದರು, ಬ್ರಷ್ಷಿನಿಂದ ನೀಟಾಗಿ ವಾರ್ನಿಶ್ ಹಚ್ಚಿ ಬಿಸಿಲಿಗೆ ಒಣಗಿಸಿಬಿಟ್ಟರು!

ಇಂಜಿನ್ ಕಾದದ್ದೇ ತಡ, ವಾರ್ನಿಶ್ ಸುಟ್ಟು ಕರಿ ಹೊಗೆ ಓಣಿಯನ್ನೆಲ್ಲ ತುಂಬಿತು. ಮನೆಮನೆಯಿಂದ ಮಂದಿ ಕೆಮ್ಮುತ್ತ ಹೊರಗೆ ಓಡಿ ಬಂದರು. ಬಾಜೂ ಓಣಿಯ ಶಾಲೆಯ ಮಾಸ್ತರರು ಮಕ್ಕಳನ್ನು ಮನೆಗೆ ಬಿಟ್ಟರು. ಆ ಮಕ್ಕಳು ಇವತ್ತಿಗೂ ಕಾಕಾ ಕಂಡರೆ ಕೈ ಮುಗಿದು, "ಕಾಕಾ, ಮತ್ತ ಯಾವಾಗ ವಾರ್ನಿಶ್ ಹಚ್ಚತೀರಿ?" ಎಂದು ಕೇಳುತ್ತವೆ.

ವಾರ್ನಿಶ್ ಪಟ್ಟಿ ಹೋಗಿ ಬರೀ ಪಟ್ಟಿ ಬಂತು. ಪೈಪಿಗೂ ಕಾಲಿಡುವ ಜಾಗಕ್ಕೂ ನಡುವೆ ಅಲ್ಯೂಮಿನಿಯಂ ತಗಡು ಬಂತು. ಮೊದಲು ತಗಡನ್ನು ಪೈಪಿಗೆ ಅಂಟಿಸಿಯೇ ಕೂರಿಸಿದ್ದರಿಂದ ಅದೂ ರೊಟ್ಟಿ ಹಂಚಿನಂತೆ ಕಾಯಿತು. ನಾನು ಚೀರಿದ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂರಿಸಿದರು. ಹಪ್ಪಳ ಈಗ ಸುಡದೆ ಬರೀ ಬೆಚ್ಚಗಾಗುತ್ತಿತ್ತು. ಆದರೆ ಬೆಚ್ಚಗಾದರೂ ಕಾಕಾಗೆ ಸಮಾಧಾನವಿಲ್ಲ. ಒಂದು ದಿನ ಊಟಕ್ಕೆ ಕೂತು ಅದನ್ನೇ ಗೊಣಗುತ್ತಿದ್ದಾಗ ಕಾಕೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಅಲ್ರೀ, ನನ್ನ ಅಡಿಗಿ ಮನ್ಯಾಗ ಹೊಗಿ ಹೋಗಾಕ ಮ್ಯಾಲೆ ಬೆಳಕಿಂಡಿ ಐತಿ. ನಿಮ್ಮ ಗಾಡಿ ಬಾನೆಟ್ಟಿಗೆ ಒಂದರೆ ಕಿಂಡಿ ಐತೇನು? ಇಂಜಿನ್ ಬಿಸಿ ಎಲ್ಲಿಗೆ ಹೋಗಬೇಕು? ನನ್ನ ಕಾಲಿಗೇ ಬರತೈತಿ."

ಕಾಕಾ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದರು. ಅಂಗಳದಲ್ಲಿ ತಗಡು ಕೊರೆಯುವ ಸದ್ದು ಶುರುವಾಯಿತು.

"ಉಂಡ ಮ್ಯಾಲೆ ಕೊರೀರಿ! ಗಾಡಿ ಏನ್ ಓಡಿಹೋಗತೈತೇನು?" ಎಂದು ಕಾಕೂ ಕೂಗುತ್ತಲೇ ಇದ್ದರು.

ಬಾನೆಟ್ಟಿಗೆ ಕಿಂಡಿಗಳು ಬಂದವು. ಬಿಸಿ ಗಾಳಿ ಮೇಲಿನಿಂದ ಹೊರಬಿತ್ತು. ಕೊನೆಯ ಪರೀಕ್ಷೆಗೆ ಗೋಕಾಕದ ಕರದಂಟನ್ನು ಆರಿಸಿದರು. ಹಿಂದೊಮ್ಮೆ ಇದೇ ಕಾರಿನಲ್ಲಿ ಬಂದ ಕರದಂಟು ಬೆಲ್ಲ ಕರಗಿ ಪಾಯಸವಾಗಿತ್ತು, ಕಾಕೂ ಅದನ್ನು ಚಮಚದಿಂದ ಬಡಿಸಿದ್ದರು. ಈ ಸಲ ಕಾಲಿಡುವ ಜಾಗದಲ್ಲಿಟ್ಟು ಗೋಕಾಕದಿಂದ ಮೂಡಲಗಿಗೆ ತಂದರೆ ಗಟ್ಟಿಗೆ ಗಟ್ಟಿ! ಕಾಕಾ ಓಣಿಯವರನ್ನು ಕೂಗಿ ಕರೆದು ತಂದು ತೋರಿಸಬೇಕೆನ್ನುವಷ್ಟರಲ್ಲಿ ನಾನು ಅದನ್ನು ಮುಗಿಸಿಬಿಟ್ಟಿದ್ದೆ.

"ಲೇ, ಸಾಕ್ಷೀನ ತಿಂದ್ಯಲ್ಲೋ!" ಎಂದು ತಲೆ ಚಚ್ಚಿಕೊಂಡರು.

ವಾಸ್ತುಶಾಂತಿಯ ದಿನ ಕಾಕೂ ಇಳಕಲ್ ಸೀರೆ ಉಟ್ಟು ಎಡಗಡೆ ಸೀಟಿನಲ್ಲಿ ಕೂತರು. ನಾನು ಹಿಂದಿನಿಂದ ಬೈಕಿನಲ್ಲಿ. ಮಸಗುಪ್ಪಿ ಹತ್ತಿರ ಕಾರು ನಿಂತಿತು. ಕಾಕಾ ಇಳಿದು, ಸುತ್ತು ಹಾಕಿ ಬಂದು, ಎಡಬಾಗಿಲು ತೆಗೆದು ಬಗ್ಗಿದರು. ತಗಡು ಮುಟ್ಟಿ ನೋಡುತ್ತಿದ್ದಾರೆ ಎಂದುಕೊಂಡೆ. ಗೋಕಾಕದಲ್ಲಿ ಮತ್ತೆ ನಿಂತಿತು, ಘಟಪ್ರಭಾದಲ್ಲಿ ಮತ್ತೆ. ಹತ್ತಿರ ಹೋಗಿ ನೋಡಿದೆ. ಅವರು ಮುಟ್ಟುತ್ತಿದ್ದದ್ದು ತಗಡನ್ನಲ್ಲ, ಕಾಕೂನ ಪಾದಗಳನ್ನು. "ತಣ್ಣಗ ಐತಿ ಅಂದ್ನೆಲ್ರಿ," ಎಂದು ಕಾಕೂ ಹೇಳುತ್ತಲೇ ಇದ್ದರು. ಆ ಮಾತನ್ನು ನಂಬುವ ಹಾಗಿರಲಿಲ್ಲವಲ್ಲ.

ಹುಕ್ಕೇರಿಯಲ್ಲಿ ಕಾರಿನ ಸದ್ದಿಗೆ ಇಡೀ ಮನೆ ಹೊರಗೆ ಬಂತು. ವೈನಿ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಷ್ಟೂ ಮಂದಿಯ ಎದುರು ಕಾಕಾ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಡತಿಯ ಪಾದ ಹಿಡಿದರು.

"ಬಿಡ್ರಿ! ತವರಮನಿ ಮಂದಿ ನೋಡಾಕತ್ತಾರ. ಗಂಡ ಆಗಿ ಹೆಂಡ್ತಿ ಕಾಲ ಹಿಡೀತಾರೇನ್ರಿ?"

"ಸುಮ್ನ ಕುಂದ್ರು. ಇನ್ನೊಂದ ಕಾಲ ನೋಡೂದೈತಿ."

ಹೊರಗೈಯಿಂದ ಎರಡೂ ಪಾದ ಮುಟ್ಟಿ ನೋಡಿದರು. "ತಣ್ಣಗ ಅದಾವ," ಎಂದರು.

"ನನಗೇನ್ ಗೊತ್ತಾಗತೈತ್ರಿ?" ಎಂದರು ಕಾಕೂ ಮೆಲ್ಲಗೆ. "ನೀವ್ ತಣ್ಣಗ ಅಂದ್ರ ತಣ್ಣಗ."

ಯಾರೂ ನಗಲಿಲ್ಲ. ಕಾಕಾ ಎದ್ದು ಹೋಗಿ ವೈನಿಯ ಕೈಯಿಂದ ತಂಬಿಗೆ ತೆಗೆದುಕೊಂಡರು. ಹೆಂಡತಿಯ ಪಾದಕ್ಕೆ ಹೊಯ್ಯುವ ಮುಂಚೆ ಆ ನೀರನ್ನು ತಮ್ಮ ಕೈಮೇಲೆ ಸುರಿದುಕೊಂಡು ನೋಡಿದರು.